ಕಣ್ಣಿನ ಶಸ್ತ್ರಕ್ರಿಯೆಯೂ ನಿತ್ಯದ ಗುಳಿಗೆಯೂ

ಕಾಯವನ್ನು ಕಾಯುವುದೂ ಒಂದು ಕಾಯಕವೇ. ಹಸಿದಾಗ ಅನ್ನವನ್ನು ಬೇಡುವ ಈ ದೇಹವು ರಕ್ತದೊತ್ತಡ ಏರಿದಾಗ ಏನನ್ನೂ ಬೇಡುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಆದುದರಿಂದ ರೋಗವೂ ಇಲ್ಲವೆಂದು ಮನಸ್ಸು ನಂಬಿಬಿಡುತ್ತದೆ. ಈ ಮರೆವಿನ ಬೆಲೆ ಹಲವರಿಗೆ ತಿಳಿಯುವುದು ಶಸ್ತ್ರಕ್ರಿಯೆಯ ಕೊಠಡಿಯ ಬಾಗಿಲಲ್ಲಿ.

ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರ ಶಿಬಿರಗಳನ್ನು ನಡೆಸಿದ ಕಾಲದಿಂದ ಈ ನಾಡಿನ ಜನರಲ್ಲಿ ಕಣ್ಣಿನ ಶಸ್ತ್ರಕ್ರಿಯೆಯ ಭಯ ಕಡಿಮೆಯಾಗಿದೆ. ಇಂದು ಕಣ್ಣಿಗಷ್ಟೇ ಅರಿವಳಿಕೆ ಕೊಟ್ಟು, ಪೊರೆ ತೆಗೆದು, ಕೃತಕ ಮಸೂರವನ್ನಿಟ್ಟು, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಭಯ ಹೋದದ್ದು ಒಳ್ಳೆಯದು. ಅದರೊಡನೆ ಎಚ್ಚರವೂ ಹೋಗಬಾರದು.

ಬಯಲುಸೀಮೆಯ ವೃದ್ಧೆಯೊಬ್ಬಳಿಗೆ ಬಾಲ್ಯದ ಸಿಡುಬಿನಿಂದ ಒಂದು ಕಣ್ಣು ಹೋಗಿತ್ತು. ಉಳಿದ ಕಣ್ಣಿಗೆ ಪೊರೆ ಬಂದಿತು. ಉಪವಾಸವಿರಬೇಕೆಂದು ಹೇಳಿದ್ದರಿಂದ ಆಕೆ ಆ ಬೆಳಗಿನ ಬಿ.ಪಿ. ಗುಳಿಗೆಯನ್ನೂ ಬಿಟ್ಟಳು, ಅದಕ್ಕೂ ಮೊದಲು ವಾರಗಟ್ಟಲೆ ನುಂಗಿರಲಿಲ್ಲ. ಅಳೆದಾಗ ಒತ್ತಡ 200/110. "ನಾಲಿಗೆ ಕೆಳಗ ಒಂದ ಗುಳಿಗಿ ಇಟ್ಟು ಇಳಿಸಿ ಮುಗಿಸ್ರಿ ಡಾಕ್ಟ್ರೇ" ಎಂದು ಮಗ ಬೇಡಿಕೊಂಡನು. ವೈದ್ಯರು ಒಪ್ಪಲಿಲ್ಲ. "ಅವ್ವಾ, ಇರೋದು ಒಂದ ಕಣ್ಣು. ಅವಸರ ಬ್ಯಾಡ" ಎಂದು ಹಿಂದಕ್ಕೆ ಕಳುಹಿಸಿದರು.

ಆ ನಿರಾಕರಣೆಯೇ ದಯೆಯಾಗಿತ್ತು. ಕಣ್ಣುಗುಡ್ಡೆಯೊಳಗೆ ತನ್ನದೇ ಆದ ಒತ್ತಡವಿರುತ್ತದೆ. ಶಸ್ತ್ರದಿಂದ ಅದನ್ನು ತೆರೆದೊಡನೆ ಆ ಒತ್ತಡ ಕುಸಿಯುತ್ತದೆ. ಆಗ ಹಿಂಭಾಗದ ರಕ್ತನಾಳಗಳ ಪದರದಲ್ಲಿ ನಾಳವೊಂದು ಒಡೆದರೆ ದೃಷ್ಟಿಯೇ ನಾಶವಾಗಬಹುದು. ಇದು ಅಪರೂಪ, ಆದರೆ ವಯಸ್ಸು ಮತ್ತು ಏರಿದ ರಕ್ತದೊತ್ತಡಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಹಾಗೆಂದು ಒತ್ತಡವನ್ನು ಥಟ್ಟನೆ ಇಳಿಸುವುದೂ ಸಲ್ಲದು. ನಿಫೆಡಿಪಿನ್ ಔಷಧವನ್ನು ನಾಲಿಗೆಯ ಕೆಳಗೆ ಕೊಡುವ ರೂಢಿಯಿಂದ ಪಾರ್ಶ್ವವಾಯು, ಹೃದಯಾಘಾತಗಳಾದುದನ್ನು ಕಂಡು, ಅದನ್ನು ಕೈಬಿಡಬೇಕೆಂದು ವೈದ್ಯರು 1996ರಲ್ಲಿಯೇ ಎಚ್ಚರಿಸಿದ್ದರು. ಒತ್ತಡ 180/110ನ್ನು ಮೀರಿದ್ದರೆ ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ.

ವೃದ್ಧೆ ಪ್ರತಿದಿನ ತಪ್ಪದೆ ಗುಳಿಗೆ ನುಂಗಿದಳು, ಉಪ್ಪಿನಕಾಯಿ ಬಿಟ್ಟಳು. ಒಂದು ತಿಂಗಳಲ್ಲಿ ಒತ್ತಡ 150/90ಕ್ಕೆ ಇಳಿಯಿತು, ಪೊರೆಯೂ ಕಳೆಯಿತು. ಕಟ್ಟು ಬಿಚ್ಚಿದ ದಿನ ಆಕೆ ಮೊದಲು ನೋಡಿದ್ದು ತನ್ನ ಕೈಗಳನ್ನು.

ಶಸ್ತ್ರಕ್ರಿಯೆಗೆ ಹೊರಟವರು ತಿಳಿಯಬೇಕಾದುದು ಸ್ವಲ್ಪವೇ. ಉಪವಾಸವೆಂದರೆ ಬಿ.ಪಿ. ಗುಳಿಗೆಯ ಉಪವಾಸವಲ್ಲ, ವೈದ್ಯರು ಬೇಡವೆನ್ನದಿದ್ದರೆ ಅದನ್ನು ಒಂದು ಗುಟುಕು ನೀರಿನೊಡನೆ ನುಂಗಬೇಕು. ಮಧುಮೇಹದ ಔಷಧಕ್ಕೆ ನಿಯಮ ಬೇರೆ. ಅದನ್ನು ಕೇಳಿ ತಿಳಿಯಬೇಕು. ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬಿ.ಪಿ.ಗೆ ಕೊಡುವ ಪ್ರಾಜೋಸಿನ್, ಮೂತ್ರದ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಸೇವಿಸುತ್ತಿದ್ದರೆ ಮುಂಚೆಯೇ ಹೇಳಬೇಕು. ಅವು ಕಣ್ಣಿನ ಪಾಪೆಯನ್ನು ಸಡಿಲಗೊಳಿಸಿ ಶಸ್ತ್ರವೈದ್ಯರ ಕೆಲಸವನ್ನು ಕಠಿಣವಾಗಿಸುತ್ತವೆ. ಪಾಪೆ ಹಿಗ್ಗಿಸುವ ಫಿನೈಲೆಫ್ರಿನ್ ಹನಿಯೂ ಒತ್ತಡವನ್ನು ಏರಿಸಬಲ್ಲದಾದ್ದರಿಂದ ರೋಗವನ್ನು ಮುಚ್ಚಿಡಬಾರದು.

ಶಸ್ತ್ರಕ್ರಿಯೆ ವೈದ್ಯರ ಕೈಯಲ್ಲಿ ಅರ್ಧ ಗಂಟೆಯ ಕೆಲಸ. ಅದಕ್ಕೆ ದೇಹವನ್ನು ಅಣಿಗೊಳಿಸುವುದು ರೋಗಿಯ ಪ್ರತಿದಿನದ ಕೆಲಸ. ತಿಳಿದದ್ದು ನಡೆಯಲ್ಲಿ ಇಳಿಯದಿದ್ದರೆ ಆ ತಿಳಿವಳಿಕೆಯಿಂದ ಕಣ್ಣು ಉಳಿಯದು.