ಮಿಲಿಟರಿ ಅಂಗಿಯ ಹಾಳಿ

ಹಳೇ ಬಟ್ಟಿ ಅಂದ್ರ ನಮಗೆಲ್ಲ ಮದಲು ನೆನಪಾಗೋದು ಕೌದಿ. ಅವ್ವನ ಇಲಕಲ್ ಸೀರಿ, ಅಪ್ಪನ ಧೋತ್ರ, ಕೂಸಿನ ಕುಲಾಯಿ, ಎಲ್ಲಾ ಕೂಡಿ ಒಂದಽ ಹೊದಿಕಿ. ಆದ್ರ ಅಕ್ಕಂದ್ರಽ, ಕೆಲವು ಬಟ್ಟಿ ಕೌದಿಗೆ ಹಾಕಲಿಕ್ಕೂ ಮನಸ್ಸು ಬರಂಗಿಲ್ಲ. ನಮ್ಮ ವೈನಿ ಟ್ರಂಕಿನ್ಯಾಗ ಅಣ್ಣನ ಮಿಲಿಟರಿ ಯುನಿಫಾರ್ಮ್ ಹಂಗಽ ಅವ. ವರ್ಷಕ್ಕೊಮ್ಮೆ ಬಿಸಲಿಗೆ ಹಾಕಿ, ಡಾಂಬರ ಗುಳಿಗಿ ಬದಲಿಸಿ, ಮತ್ತ ಮಡಚಿ ಇಡ್ತಾರ. ಅಣ್ಣ ಆ ಕಡೆ ನೋಡಂಗಿಲ್ಲ, ಗಡಿಮ್ಯಾಲಿನ ಮಾತೂ ಆಡಂಗಿಲ್ಲ.

ಹೋದ ತಿಂಗಳ ತಂಗಿ ಮಗಳು ಬಂದಿದ್ಲು. ಚಿತ್ರಕಲಾ ಕಲೀತಾಳ. ಆಕಿ ಒಂದು ಸುದ್ದಿ ಹೇಳಿದ್ಲು. ಅಮೆರಿಕಾದ ವರ್ಮಾಂಟ್‌ನ್ಯಾಗ, ಇರಾಕ್ ಯುದ್ಧಕ್ಕ ಹೋಗಿಬಂದ ಡ್ರೂ ಕ್ಯಾಮರಾನ್ ಅನ್ನೋ ಸೈನಿಕ, ಕಾಗದ ಮಾಡೋ ಡ್ರೂ ಮಟಾಟ್ ಜೋಡಿ ಸೇರಿ 2007ರಾಗ 'ಕಾಂಬ್ಯಾಟ್ ಪೇಪರ್' ಸುರು ಮಾಡಿದ್ರಂತ. ಕೆಲಸ ನಮ್ಮ ಮನಿ ಕೆಲಸದಂಗಽ ಅದ. ಯುನಿಫಾರ್ಮಿನ ಗುಂಡಿ, ಹೊಲಿಗಿ ಬಿಚ್ಚೋದು. ಬಟ್ಟಿ ಅಂಚೆಚೀಟಿಯಷ್ಟು ಸಣ್ಣಗ ಕತ್ತರಸೋದು. ನೀರು ಹಾಕಿ ಯಂತ್ರದಾಗ ಗಂಜಿ ಆಗೋತನಕ ಅರಿಯೋದು. ಅದರಾಗ ಜಾಳಿಗಿ ಚೌಕಟ್ಟು ಮುಳಗಿಸಿ ಎತ್ತಿದ್ರ ತೆಳ್ಳನ ಪದರ ನಿಲ್ತದ. ಒತ್ತಿ ಒಣಗಿಸಿದ್ರ ಹಾಳಿ. ಅದರಮ್ಯಾಲೆ ಸೈನಿಕರು ಚಿತ್ರ ಅಚ್ಚು ಹಾಕ್ತಾರ, ತಾವು ಕಂಡದ್ದು ಬರೀತಾರ, ಪುಸ್ತಕಾನೂ ಹೊಲೀತಾರ.

ವೈನಿ, "ಅಯ್ಯ, ಯುನಿಫಾರ್ಮ್ ಕತ್ತರಸೋದಂದ್ರ ಅಪಮಾನ ಅಲ್ಲೇನು?" ಅಂದ್ರು. ನನಗ ಹಂಗ ಅನಸಲಿಲ್ಲ. ಕತ್ತರಿ ಹಿಡದವರು ಅದನ್ನ ಮೈಮ್ಯಾಲೆ ಹಾಕ್ಕೊಂಡವರಽ ಅಲ್ಲ? ನಾಕು ಮಂದಿ ಕೂಡಿ ಕೂತು ಕತ್ತರಸೋಮುಂದ ಬಾಯಿ ತಾನಽ ಬಿಡ್ತದ. ಕೌದಿ ಹೊಲಿಯೋಮುಂದ ನಾವು ಎಂಥೆಂಥಾ ಮಾತು ಆಡಿಲ್ಲ! ಎದುರಿಗೆ ಕೂಡಿಸಿಕೊಂಡು ಕೇಳಿದ್ರ ಹೇಳದವರೂ, ಕೈಯಾಗ ಕೆಲಸ ಇದ್ರ ಹೇಳ್ತಾರ.

ಅಣ್ಣ ಜೋಕಾಲಿಮ್ಯಾಲೆ ಕೂತು ಎಲ್ಲಾ ಕೇಳ್ಲಿಕತ್ತಿದ್ದ. "ಬಣ್ಣ ಉಳೀತದೇನು?" ಅಂದ. "ಉಳೀತದ ಮಾಮಾ, ಹಾಳಿಗೂ ಆ ಬಣ್ಣದ ಛಾಯಾ ಬರ್ತದ" ಅಂದ್ಲು ಆಕಿ. ಸ್ವಲ್ಪ ಹೊತ್ತು ಬಿಟ್ಟು, "ತೋಳು ಹರದದ್ದೊಂದು ಅದ" ಅಂದ. ಅದು ಯಾವ ರಾತ್ರಿ ಹರೀತು, ಆವತ್ತು ಬಾಜೂಕ ಯಾರಿದ್ರು, ಅದನ್ನೂ ಹೇಳಿದ. ಇಷ್ಟು ವರ್ಷ ಸಂಸಾರ ಮಾಡಿದ ವೈನಿಗೂ ಅದು ಗೊತ್ತಿರಲಿಲ್ಲ. ಆಕಿ ಏನೂ ಕೇಳಲಿಲ್ಲ, ಸುಮ್ನ ಬಾಜೂಕ ಹೋಗಿ ಕೂತ್ರು.

ದೀಪಾವಳಿ ಸೂಟಿಗೆ ತಂಗಿ ಮಗಳು ಚೌಕಟ್ಟು ತರ್ತೀನಂದಾಳ. ಹತ್ತಿ ಬಟ್ಟಿ ಛಲೋ ಹಾಳಿ ಆಗ್ತದಂತ, ಪಾಲಿಸ್ಟರ್ ಬ್ಯಾಡ. ಯಾರ ಮನ್ಯಾಗರ ಕೌದಿಗೂ ಹಾಕಲಾರದ ಬಟ್ಟಿ ಇದ್ರ ತಗೊಂಡು ಬರ್ರಿ, ಕತ್ತರಿನೂ ತರ್ರಿ. ಚಹಾ ನಾ ಮಾಡ್ತೀನಿ.