ಹದಿನೆಂಟು ಅಂಕಣದ ಮನೆ

ನಮ್ಮೂರ ಹೆಸರು ಇಟ್ಟಿಗಿ. ಹಡಗಲಿ ತಾಲ್ಲೂಕಿನದು. ಆಗ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಹೆಸರು ಇಟ್ಟಿಗಿಯಾದರೂ ನಾನು ಮದುವೆಯಾಗಿ ಹೋದ ಮನೆಯಲ್ಲಿ ಹುಡುಕಿದರೂ ಒಂದು ಇಟ್ಟಿಗೆ ಸಿಗುತ್ತಿರಲಿಲ್ಲ. ಎಲ್ಲಾ ಕಲ್ಲು, ಮಣ್ಣು, ಕಟ್ಟಿಗೆ. ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. 1982ರಲ್ಲಿ ನನ್ನ ಸಂಬಂಧ ಗೊತ್ತುಮಾಡಿ ಬಂದ ನಮ್ಮಪ್ಪ ಹುಡುಗನ ಓದಿನ ವಿಷಯ ಹೇಳುವ ಮೊದಲೇ, "ಹದಿನೆಂಟು ಅಂಕಣದ ಮನಿ ಐತವ್ವಾ, ಪುಣ್ಯ ಮಾಡಿದ್ದಿ" ಎಂದಿದ್ದರು. ಆ ಪುಣ್ಯದ ಕಸ ಹೊಡೆಯುವವರು ಯಾರು ಎಂಬುದನ್ನು ಅವರೂ ವಿಚಾರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ತಲಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದವರು ಮನುಷ್ಯರಲ್ಲ, ಎತ್ತುಗಳು. ಎಡಕ್ಕೂ ಬಲಕ್ಕೂ ಗೋದಲಿ, ನಡುವೆ ದಾರಿ. ಅಲ್ಲಿಂದ ಎರಡು ಮೆಟ್ಟಿಲೇರಿದರೆ ಪಡಸಾಲೆ, ಆಮೇಲೆ ನಡುಮನೆ, ದೇವರ ಮನೆ, ಅಡಿಗೆ ಮನೆ, ಬಚ್ಚಲು, ಬೆಳಕೇ ಕಾಣದ ಒಂದು ಬಾಣಂತಿ ಕೋಣೆ, ಕೊನೆಗೆ ಹಿತ್ತಲು. ಅಂಗಳದ ಕೆಳಗೆ ಜೋಳ ತುಂಬುವ ಹಗೇವು. ಅದರ ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ನನ್ನ ಅತ್ತೆ ಹೊಸ ಸೊಸೆಯಂದಿರನ್ನೂ ಹೀಗೆಯೇ ಕಂದೀಲು ಬಿಟ್ಟು ನೋಡುತ್ತಿದ್ದರು ಎಂದು ನನ್ನ ನೆಗೆಣ್ಣಿ ಹೇಳುತ್ತಿದ್ದಳು.

ಬೆಳಗಿನ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಕಸ ಹೊಡೆದು, ಅಂಗಳಕ್ಕೆ ಥಳಿ ಹೊಡೆಯುವಷ್ಟರಲ್ಲಿ ಬಿಸಿಲು ಬರುತ್ತಿತ್ತು. ಹಬ್ಬ ಬಂತೆಂದರೆ ಗಂಡಸರಿಗೆ ಹೋಳಿಗೆಯ ನೆನಪು, ನಮಗೆ ಸುಣ್ಣ ಕೆಮ್ಮಣ್ಣಿನ ನೆನಪು. ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಹೋಗುವ ನೆಂಟರು ಬಂಡಿ ಕಟ್ಟಿಕೊಂಡು ಬಂದು ಇಳಿದರೆ ಇದ್ದ ಹತ್ತೊಂಬತ್ತು ಜನ ನಲವತ್ತಾಗುತ್ತಿದ್ದರು. ಯಾರಿಗೂ ಜಾಗ ಸಾಲದಾಗಲಿಲ್ಲ. ರೊಟ್ಟಿ ಬಡಿಯುವ ಕೈಗಳು ಮಾತ್ರ ಸಾಲುತ್ತಿರಲಿಲ್ಲ. ಇನ್ನು ಮಾಳಿಗೆಯ ಕಥೆ ಬೇರೆ. ಜಂತಿಯ ಮೇಲೆ ಮಣ್ಣು ಹೊದಿಸಿದ ಸೂರು ಅದು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕರಲು ಮಣ್ಣು ಹಾಕಿ ತುಳಿಸಬೇಕು. ನಡುರಾತ್ರಿ ಮಳೆ ಬಂದರೆ ಯಾರಾದರೊಬ್ಬರು ಮೇಲೆ ಓಡಿ ಗವಾಕ್ಷಿ ಮುಚ್ಚಬೇಕು. ಆ 'ಯಾರಾದರೊಬ್ಬರು' ಗಂಡಸಾಗಿದ್ದುದನ್ನು ನಾನು ಹೆಚ್ಚು ಕಂಡಿಲ್ಲ.

ಒಂದು ವಿಚಿತ್ರ ಹೇಳುತ್ತೇನೆ. ಹದಿನೆಂಟು ಅಂಕಣದ ಆ ಮನೆಯಲ್ಲಿ ಗಂಡ ಹೆಂಡತಿ ಕೂತು ಹತ್ತು ನಿಮಿಷ ಮಾತಾಡುವುದಕ್ಕೆ ಒಂದು ಅಂಕಣವೂ ಇರಲಿಲ್ಲ. ಬಾಗಿಲಿದ್ದ ಕೋಣೆ ಎರಡೇ, ಒಂದು ದೇವರದು, ಇನ್ನೊಂದು ಬಾಣಂತಿಯದು. ನಮ್ಮವರ ಸಂಬಳ ಎಷ್ಟೆಂದು ನನಗೆ ತಿಳಿದದ್ದು ಮದುವೆಯಾಗಿ ಮೂರು ವರ್ಷಕ್ಕೆ, ಅದೂ ಹಡಗಲಿಗೆ ಹೋಗುವ ಬಸ್ಸಿನಲ್ಲಿ. ಧಾರವಾಡದ ಹತ್ತಿರ ಲೋಕೂರಿನಲ್ಲಿ ನೂರಕ್ಕೂ ಮಿಕ್ಕಿದ ಜನರಿದ್ದ ಒಂದು ಮನೆತನದ ಮೇಲೆ ಸಿನಿಮಾವನ್ನೇ ತೆಗೆದರು. ದೊಡ್ಡ ಮನೆಯ ಹೊಗಳಿಕೆ ಓದಿದಾಗಲೆಲ್ಲ ನಾನು ಹುಡುಕುವುದು ಒಂದೇ ಪ್ರಶ್ನೆಯ ಉತ್ತರ: ಅಲ್ಲಿಯ ಕಿರಿ ಸೊಸೆ ಎಲ್ಲಿ ಮಲಗುತ್ತಾಳೆ?

1994ರಲ್ಲಿ ನಮ್ಮವರಿಗೆ ದಾವಣಗೆರೆಗೆ ವರ್ಗವಾದಾಗ ನಾನು ಅಳುತ್ತಾ ಟ್ರಂಕು ಕಟ್ಟಿದೆ. ಅಳು ಅತ್ತೆಗೆ ತೋರಿಸುವುದಕ್ಕೆ. ಎರಡು ಕೋಣೆಯ ಬಾಡಿಗೆ ಮನೆ, ನಲ್ಲಿ ನೀರು, ಒಳಗಿನಿಂದ ಚಿಲಕ. ಹದಿನೈದು ನಿಮಿಷಕ್ಕೆ ಕಸ ಮುಗಿದು, ಉಳಿದ ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ಮೊದಲ ವಾರ ಎರಡೆರಡು ಸಲ ನೆಲ ಒರೆಸಿದೆ. ನೀವು ನಗಬಹುದು, ಆದರೆ ನಾನು ಪುಸ್ತಕ ಓದಲು ಕಲಿತದ್ದು ಆ ಸಣ್ಣ ಮನೆಯಲ್ಲೇ.

ನನ್ನ ತಕ್ಕಡಿ ಆಗ ಸಣ್ಣ ಮನೆಯ ಕಡೆಗೇ ಪೂರಾ ವಾಲಿತ್ತು. ಅದು ಅಲುಗಾಡಿದ್ದು ನಮ್ಮ ನಾದಿನಿಯಿಂದ.

ಅವರು ನಮ್ಮವರಿಗಿಂತ ಹಿರಿಯರು, ನಾನು ಅಕ್ಕ ಎನ್ನುತ್ತೇನೆ. ಇಪ್ಪತ್ಮೂರಕ್ಕೆ ಗಂಡ ತೀರಿಕೊಂಡು, ಎತ್ತಿಕೊಳ್ಳುವ ಕೂಸಿನ ಜೊತೆ ತವರಿಗೆ ಬಂದವರು. ನಾನು ಆ ಮನೆಗೆ ಕಾಲಿಡುವಾಗಲೇ ಬಾಣಂತಿ ಕೋಣೆ ಅವರದಾಗಿತ್ತು. ಯಾರಿಗಾದರೂ ಹೆರಿಗೆಯಾದರೆ ತಮ್ಮ ಹಾಸಿಗೆ ಎತ್ತಿ ಅಡಿಗೆ ಮನೆಗೆ ಬರುವರು, ಮೂರು ತಿಂಗಳಿಗೆ ಮತ್ತೆ ಒಳಗೆ. ಅವರು ಬಂದಾಗ 'ಇವಳನ್ನು ಎಲ್ಲಿ ಇಟ್ಟುಕೊಳ್ಳುವುದು' ಎಂಬ ಮಾತೇ ಆ ಮನೆಯಲ್ಲಿ ಹುಟ್ಟಿರಲಿಲ್ಲವಂತೆ. ಹದಿನೆಂಟು ಅಂಕಣದಲ್ಲಿ ಒಬ್ಬ ಹೆಣ್ಣುಮಗಳು ಹೆಚ್ಚಾದದ್ದು ಯಾರ ಕಣ್ಣಿಗೂ ಚುಚ್ಚಲಿಲ್ಲ. ಅವರ ಮಗಳು ಅಲ್ಲಿಯೇ ಬೆಳೆದು, ಹರಪನಹಳ್ಳಿಗೆ ಮದುವೆಯಾಗಿ ಹೋದಳು.

ಮಾವನವರು ತೀರಿಕೊಂಡ ಮೇಲೆ, 2003ರಲ್ಲಿ, ಮೂವರು ಅಣ್ಣತಮ್ಮಂದಿರು ಪಾಲಾದರು. ಪಡಸಾಲೆಯ ನಡುವೆ ಗೋಡೆ ಎದ್ದಿತು, ಕಡೆಗೂ ಆ ಮನೆಗೆ ಇಟ್ಟಿಗೆ ಬಂತು. ತಲೆಗೆ ಆರಾರು ಅಂಕಣ. ತಂದೆಯ ಪಾಲಿನಲ್ಲಿ ಅಕ್ಕನಿಗೂ ಭಾಗವಿದೆ, ಅವರ ಸಹಿ ಬೇಕು ಎಂದರು ವಕೀಲರು. ಆಗ ಕಾಯಿದೆ ಹೇಗಿತ್ತೆಂದು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ 23ನೇ ಕಲಮು ಎಂದೊಂದಿತ್ತು: ಗಂಡುಮಕ್ಕಳು ತಾವಾಗಿ ಪಾಲಾಗಲು ಮನಸ್ಸು ಮಾಡುವತನಕ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲ, ಆದರೆ ಮದುವೆಯಾಗದ, ಗಂಡ ಬಿಟ್ಟ, ವಿಧವೆಯಾದ ಮಗಳಿಗೆ ಅಲ್ಲಿ ವಾಸಿಸುವ ಹಕ್ಕುಂಟು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು 23ನೇ ಕಲಮನ್ನೇ ಕಿತ್ತುಹಾಕಿತು, ಮಗಳನ್ನು ಮಗನಿಗೆ ಸಮ ಮಾಡಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲುಗಳನ್ನು ಅದು ಮುಟ್ಟಲಿಲ್ಲ. ನಮ್ಮದು ಮೊದಲೇ ಆಗಿಹೋಗಿತ್ತು.

ಅಕ್ಕನಿಗೆ ಹಕ್ಕು ಬಿಡುಗಡೆ ಪತ್ರ ತೋರಿಸಿ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. "ಹೆಂಗಸರ ಮಾತು, ನೀನೇ ಹೇಳು" ಎಂದರು ಎಲ್ಲರೂ. ಹೇಳಿದೆ. ಪುಸ್ತಕ ಓದಲು ಕಲಿತಿದ್ದೆನಲ್ಲ, ಚೆನ್ನಾಗಿಯೇ ಹೇಳಿದೆ. ಅವರು ಕಾಗದದ ಕಡೆ ನೋಡಲೇ ಇಲ್ಲ. "ಸಹಿ ಮಾಡತೀನಿ ತಂಗಿ. ಬಾಣಂತಿ ಕೋಣಿ ಒಂದು ನನಗ ಬಿಡ್ರಿ" ಎಂದರು. "ಅದೇನು ಕೇಳೋ ಮಾತೇನಕ್ಕಾ" ಎಂದೆ. ಆ ಮಾತು ಕಾಗದದಲ್ಲಿ ಇರಲಿಲ್ಲ. ಇಲ್ಲವೆಂದು ನನಗೆ ಗೊತ್ತಿತ್ತು.

ಬಾಣಂತಿ ಕೋಣೆ ಹಿರಿಯ ಭಾವನವರ ಪಾಲಿಗೆ ಬಿತ್ತು. 2009ರ ಸೆಪ್ಟೆಂಬರ್ ಕೊನೆಯ ಆ ಮಳೆ ನೆನಪಿರಬೇಕು, ಉತ್ತರದ ಜಿಲ್ಲೆಗಳಲ್ಲೆಲ್ಲ ಮಣ್ಣಿನ ಮನೆಗಳು ಮಲಗಿಬಿಟ್ಟವು. ಪಾಲಾದ ಮೇಲೆ ಮಾಳಿಗೆಗೆ ಮಣ್ಣು ಹಾಕಿಸುವುದು ಯಾರ ಕೆಲಸ ಎಂದು ತೀರ್ಮಾನವಾಗಿರಲಿಲ್ಲ. ಆ ಕೋಣೆಯ ಮೂಲೆ ಕುಸಿಯಿತು. ಪುಣ್ಯಕ್ಕೆ ಅಕ್ಕ ಬಚ್ಚಲಲ್ಲಿದ್ದರು. ಎರಡು ವರ್ಷಕ್ಕೆ ಭಾವನವರು ತಮ್ಮ ಆರು ಅಂಕಣ ಮಾರಿ ಮಗನ ಹತ್ತಿರ ಹೋದರು, ಅಕ್ಕ ನಮ್ಮಲ್ಲಿಗೆ ಬಂದರು.

ದಾವಣಗೆರೆಯ ನಮ್ಮ ಮನೆಯಲ್ಲಿ ಅವರು ಎಂಟು ತಿಂಗಳಿದ್ದರು. ಯಾರೂ ಒಂದು ಮಾತು ಅನ್ನಲಿಲ್ಲ. ಅದನ್ನು ಆಣೆ ಮಾಡಿ ಹೇಳಬಲ್ಲೆ. ಆದರೆ ಹಾಲಿನಲ್ಲಿ ಮಲಗುತ್ತಿದ್ದ ಅವರು, ಮಕ್ಕಳು ಏಳುವ ಮೊದಲು ಹಾಸಿಗೆ ಸುತ್ತಿ ಸೋಫಾದ ಹಿಂದೆ ಮುಚ್ಚಿಡುತ್ತಿದ್ದರು. ಟೀವಿ ನೋಡುವವರಿದ್ದರೆ ಹನ್ನೊಂದಾದರೂ ಗೋಡೆಗೊರಗಿ ಕೂತಿರುವರು. ಮನೆಗೆ ಯಾರಾದರೂ ಬಂದರೆ ಎದ್ದು ಅಡಿಗೆ ಮನೆಗೆ, ಅಲ್ಲಿ ನಾನಿದ್ದರೆ ಬಾಲ್ಕನಿಗೆ. ಒಂದು ದಿನ ಮಧ್ಯಾಹ್ನ ಬಚ್ಚಲ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲವೆಂದು ಗಾಬರಿಯಾಗಿ ಬಡಿದೆ. ಹೊರಗೆ ಬಂದ ಅವರ ಕಣ್ಣು ಕೆಂಪಾಗಿತ್ತು. "ಏನಕ್ಕಾ?" ಎಂದರೆ, "ಏನಿಲ್ಲ. ಇಟ್ಟಿಗ್ಯಾಗ ಅಳಾಕ ಹಗೇವಿನ ಕಟ್ಟಿ ಇತ್ತು. ಇಲ್ಲಿ ಎಲ್ಲಿ ಅತ್ತರೂ ಯಾರಿಗರ ದಾರಿಗಡ್ಡ" ಎಂದು ನಕ್ಕರು.

ತಮಿಳುನಾಡಿನ ಚೆಟ್ಟಿನಾಡಿಗೆ ಒಮ್ಮೆ ಪ್ರವಾಸ ಹೋಗಿದ್ದೆವು. ಒಂದು ಬೀದಿಯಲ್ಲಿ ತಲಬಾಗಿಲು, ಹಿಂಬಾಗಿಲು ಇನ್ನೊಂದು ಬೀದಿಯಲ್ಲಿ. ಬರ್ಮಾದಿಂದ ತರಿಸಿದ ತೇಗದ ಕಂಬಗಳು. ಬೀಗ ಹಾಕಿದ ಅರಮನೆಯಂಥ ಮನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡರು. ನನಗೆ ಮಾತ್ರ ಅಲ್ಲೂ ಇಂಥ ಒಬ್ಬ ಅಕ್ಕ ಇದ್ದಿರಬೇಕು, ಬೀಗ ಬಿದ್ದ ದಿನ ಅವಳು ಎಲ್ಲಿಗೆ ಹೋದಳು ಎನ್ನಿಸಿತು.

ಕೊನೆಗೆ ಅಕ್ಕ ತಾವೇ ಕೇಳಿ, ಇಟ್ಟಿಗಿಯಲ್ಲಿ ಬೀಗ ಹಾಕಿಟ್ಟಿದ್ದ ನಮ್ಮ ಆರು ಅಂಕಣಕ್ಕೆ ಹೋದರು. ದನವಿಲ್ಲ, ಜನವಿಲ್ಲ. ಅಲ್ಲೊಂದು ಮಲ್ಲಿಗೆ ಬಳ್ಳಿ, ಎರಡು ಕೋಳಿ. ವರ್ಷಗಳು ಹಾಗೆ ಹೋದವು. ಹೋದ ವರ್ಷ ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳಲು ಹೊರಟ ನಮ್ಮ ಮಗ, "ಊರಿನ ಮನೆ ಮಾರಿಬಿಡೋಣಮ್ಮ, ಅತ್ತೆ ಇಲ್ಲಿಗೇ ಬಂದಿರಲಿ" ಎಂದ. ಒಳ್ಳೆಯ ಹುಡುಗ, ನಿಜವಾಗಿಯೂ ಕರೆದದ್ದೇ. ಫ್ಲಾಟಿನ ನಕ್ಷೆ ತೋರಿಸಿದ. ನಾನು ಬೆರಳಿಟ್ಟು ಹುಡುಕಿದೆ. ಮಲಗುವ ಕೋಣೆ ಎರಡು, ಒಂದು ಅವರದು, ಒಂದು ಮೊಮ್ಮಗಳದು. ಸೋಫಾದ ಜಾಗವನ್ನೂ ಗುರುತು ಮಾಡಿದ್ದರು.

ನಾನು ಒಪ್ಪಲಿಲ್ಲ. ನಮ್ಮವರು ಮೊದಲು ರೇಗಿದರು, ಆಮೇಲೆ ಸುಮ್ಮನಾದರು, ಆಮೇಲೆ ಹಡಗಲಿಗೆ ಹೋಗಿ, ಅಕ್ಕ ಇರುವತನಕ ಆ ಮನೆಯಲ್ಲಿ ಅವರ ವಾಸದ ಹಕ್ಕಿಗೆ ಯಾರೂ ಅಡ್ಡಿ ಬರಕೂಡದೆಂದು ಕಾಗದ ಮಾಡಿಸಿ ನೋಂದಾಯಿಸಿದರು. ಈ ಸಲ ಪ್ರತಿಯೊಂದು ಸಾಲನ್ನೂ ನಾನು ಓದಿಸಿ ಕೇಳಿದೆ. ಮಗ ಫ್ಲಾಟಿಗೆ ಹೆಚ್ಚು ಸಾಲ ಮಾಡಿದ. ಮೊದಲು ವಾರಕ್ಕೆರಡು ಸಲ ಬರುತ್ತಿದ್ದ ಫೋನು ಈಗ ಹದಿನೈದು ದಿನಕ್ಕೊಂದು. ಸೊಸೆ ಮಾತ್ರ ಮೊನ್ನೆ, "ನೀವು ಮಾಡಿದ್ದು ಸರಿ ಅತ್ತೆ" ಎಂದಳು, ದನಿ ತಗ್ಗಿಸಿ.

ಮೇ ತಿಂಗಳಲ್ಲಿ ಮಾಳಿಗೆಗೆ ಮಣ್ಣು ಹಾಕಿಸಲು ನಾನೇ ಇಟ್ಟಿಗಿಗೆ ಹೋದೆ. ಎರಡು ಟ್ರ್ಯಾಕ್ಟರ್ ಕರಲು ಮಣ್ಣು ಬಂತು. ಆಳುಗಳು ಇಳಿದ ಮೇಲೆ ಮನೆಯ ತುಂಬ ದೂಳು. ಕಸಬರಿಗೆ ಹಿಡಿದು ಮೂರನೇ ಅಂಕಣಕ್ಕೆ ಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು, ಕಂಬಕ್ಕೊರಗಿ ನಿಂತೆ. ಹೊಸ್ತಿಲ ಮೇಲೆ ಹೂ ಕಟ್ಟುತ್ತಾ ಕೂತಿದ್ದ ಅಕ್ಕ ತಲೆ ಎತ್ತಿ ನೋಡಿದರು.

"ಯಾಕ ತಂಗಿ, ದೊಡ್ಡ ಮನಿ ಭಾಳ ಆತೇನು?"

"ಭಾಳ ಆತಕ್ಕಾ."

"ಕೊಡಿಲ್ಲೆ" ಎಂದು ಕೈ ಚಾಚಿದರು.