ತಾಳೆ ನೋಡಿದ ಪುಸ್ತಕ

ಹಾಸನ ಜಿಲ್ಲೆಯವರನ್ನು ಹಿಡಿದು ‘ಇಲ್ಲಿಯವರೆಗೆ ನೀವು ಓದಿದ್ದರಲ್ಲೆಲ್ಲ ಶ್ರೇಷ್ಠವಾದ ಪುಸ್ತಕ ಯಾವುದು’ ಎಂದು ಕೇಳುವುದು ಸ್ವಲ್ಪ ಅಪಾಯದ ಕೆಲಸ. ಉತ್ತರ ಬರುವ ಮೊದಲೇ ಉತ್ತರಿಸುವವರ ತಾಲ್ಲೂಕು ಹೊರಬೀಳುತ್ತದೆ. ಗೊರೂರಿನ ಆಸುಪಾಸಿನವರು ‘ಹಳ್ಳಿಯ ಚಿತ್ರಗಳು’ ಎನ್ನುತ್ತಾರೆ. ಚನ್ನರಾಯಪಟ್ಟಣದವರ ಬಾಯಲ್ಲಿ ಭೈರಪ್ಪನವರನ್ನು ಬಿಟ್ಟು ಬೇರೆ ಹೆಸರು ಬಂದರೆ ಊರಿನವರು ಒಂದು ಕ್ಷಣ ಮಾತು ನಿಲ್ಲಿಸಿ ನೋಡುತ್ತಾರೆ. ಅರಕಲಗೂಡಿನ ಹಳಬರು, ಅ.ನ.ಕೃ. ಹೆಸರಿನ ಮೊದಲ ಅಕ್ಷರವೇ ನಮ್ಮ ಊರು, ನೆನಪಿರಲಿ ಎನ್ನುತ್ತಾರೆ. ಹಾಸನ ಪೇಟೆಯವರಿಗೆ 2025ರ ಮೇ ತಿಂಗಳಿಂದ ಬಾನು ಮುಷ್ತಾಕ್ ಅವರ ಹೆಸರು ಹೇಳುವುದರಲ್ಲಿ ಹೊಸ ಠೀವಿ ಬಂದಿದೆ. ಹೊಳೆನರಸೀಪುರದವರು ಮಾತ್ರ ಕಾದಂಬರಿ, ಕತೆ ಎಂದರೆ ಸುಮ್ಮನೆ ನಗುತ್ತಾರೆ. ಅವರ ಊರಿನ ಪುಸ್ತಕಗಳೇ ಬೇರೆ.

ಈ ಲೇಖಕನಿಗೆ ಇವುಗಳಲ್ಲಿ ನಾಲ್ಕು ಊರುಗಳ ನೀರು ಕುಡಿದ ಭಾಗ್ಯವಿದೆ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ವರ್ಗಾವಣೆಯ ಆರ್ಡರು ಬಂದಾಗಲೆಲ್ಲ ಪಾತ್ರೆ ಪಡಗ, ಹಾಸಿಗೆ ಸುರುಳಿಗಳ ಜೊತೆ ಪುಸ್ತಕದ ಟ್ರಂಕು ಲಾರಿ ಏರುತ್ತಿತ್ತು. ಟ್ರಂಕಿಗೆ ಯಾವುದು, ರದ್ದಿಗೆ ಯಾವುದು ಎಂಬ ತೀರ್ಮಾನ ಅಮ್ಮನದು. ಸಾಹಿತ್ಯ ವಿಮರ್ಶೆಯ ಮೊದಲ ಪಾಠ ಈತನಿಗೆ ಆದದ್ದು ಅಲ್ಲಿಯೇ. ಅಪ್ಪನಿಗೆ ಬಹುಮಾನವಾಗಿ ಬಂದಿದ್ದ, ಚಿನ್ನದ ಅಕ್ಷರದ ದಪ್ಪ ಪುಸ್ತಕವೊಂದು ಅರಕಲಗೂಡಿನಲ್ಲೇ ಉಳಿಯಿತು. ರಟ್ಟು ಕಿತ್ತುಹೋದ ಗೊರೂರರು ಎಲ್ಲ ಊರಿಗೂ ಬಂದರು.

ತಾತನ ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಮನೆಯಲ್ಲಿ ಇರುತ್ತಿದ್ದುದೇ ಒಂದೋ ಎರಡೋ ಹೊತ್ತಗೆ, ಅವನ್ನೂ ಓದುವುದಕ್ಕಿಂತ ಕೇಳುವುದು ಹೆಚ್ಚು. ಮಳೆಗಾಲದ ರಾತ್ರಿ ದೇವಸ್ಥಾನದ ಪೌಳಿಯಲ್ಲಿ ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುವರು. ಇಲ್ಲವೇ ಪಕ್ಕದ ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೇಳುವ ಲಕ್ಷ್ಮೀಶನ ಜೈಮಿನಿ ಭಾರತ. ಎರಡರಲ್ಲಿ ಯಾವುದು ಮೇಲು ಎಂದು ಜಗಳವಾಡಿದವರು ಇದ್ದಿರಬಹುದು. ಆದರೆ ಒಂದನ್ನು ಆರಿಸಿ ಉಳಿದದ್ದನ್ನು ಬಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಆಯ್ಕೆಯ ಕಷ್ಟ ಶುರುವಾದದ್ದು ಪುಸ್ತಕಗಳು ಅಗ್ಗವಾಗಿ, ಹೇರಳವಾಗಿ ಸಿಗತೊಡಗಿದ ಮೇಲೆ.

ಹೊಳೆನರಸೀಪುರದಲ್ಲಿ ಅಂಥ ಪುಸ್ತಕಗಳ ಒಂದು ಕಾರ್ಖಾನೆಯೇ ಇದೆ. ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಗಳೆಂದು ಹೆಸರಾದ ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮರು 1920ರಲ್ಲಿ ಆರಂಭಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1937ರಲ್ಲಿ ಹೇಮಾವತಿ ದಂಡೆಯ ಈ ಊರಿಗೆ ಬಂತು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದು, ಸಾಮಾನ್ಯ ಗೃಹಸ್ಥನ ಕೈಗೆಟುಕುವ ಬೆಲೆಗೆ ಅಚ್ಚು ಹಾಕಿತು. ಈ ಲೇಖಕನ ಮನೆಯಲ್ಲೂ ಅದರ ಒಂದಷ್ಟು ಪುಸ್ತಕಗಳಿದ್ದವು. ಅಪ್ಪ ರಿಟೈರ್ ಆದ ಮೇಲೆ ಓದುತ್ತೇನೆಂದು ತೆಗೆದಿಟ್ಟಿದ್ದರು. ರಿಟೈರ್ ಆದರು, ದಿನಪತ್ರಿಕೆ ಓದಿದರು.

ಅಮ್ಮನ ಕಾಲಕ್ಕೆ ಬಂದದ್ದು ಬಾಡಿಗೆ ಪುಸ್ತಕದಂಗಡಿ. ದಿನಕ್ಕಿಷ್ಟು ಪೈಸೆ ಎಂದು ಕಾದಂಬರಿ ಕೊಡುತ್ತಿದ್ದ ಆ ಪುಟ್ಟ ಅಂಗಡಿಗಳನ್ನು ಸಾಕಿದವರಲ್ಲಿ ಅ.ನ.ಕೃ. ದೊಡ್ಡವರು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಹುಟ್ಟಿದ್ದು ಕೋಲಾರದಲ್ಲಿ, 1908ರಲ್ಲಿ. ಮನೆತನದ ಊರನ್ನು ಹೆಸರಿನ ಮುಂದೆ ಹೊತ್ತು ಬೆಂಗಳೂರಿನಲ್ಲಿ ಬಾಳಿದರು. ನೂರಕ್ಕೂ ಮೀರಿ ಕಾದಂಬರಿ ಬರೆದರು. ಕನ್ನಡಿಗರಿಗೆ, ಅದರಲ್ಲೂ ಮನೆಯಲ್ಲಿದ್ದ ಹೆಂಗಸರಿಗೆ, ಮಧ್ಯಾಹ್ನದ ಓದಿನ ರುಚಿ ಹತ್ತಿಸಿದರು. ಅಮ್ಮನ ಪಾಲಿಗೆ ಬಹಳ ಕಾಲ ‘ಸಂಧ್ಯಾರಾಗ’ವೇ ಶ್ರೇಷ್ಠ. ಅದು 1966ರಲ್ಲಿ ಸಿನಿಮಾ ಆಗಿ, ರಾಜ್‌ಕುಮಾರ್ ನಟಿಸಿ, ಭೀಮಸೇನ ಜೋಶಿ ಹಾಡಿದ ಮೇಲಂತೂ ಕೇಳುವುದೇ ಬೇಡ. ಪುಸ್ತಕ ಯಾವುದು, ಹಾಡು ಯಾವುದು ಎಂದು ಬಿಡಿಸಿ ನೋಡುವ ತಾಳ್ಮೆ ಆಕೆಗಿರಲಿಲ್ಲ. ಈಗಲೂ ಇಲ್ಲ.

ಆರಿಸುವ ಕಷ್ಟ ಮೇಷ್ಟ್ರ ಮನೆಯದ್ದಷ್ಟೇ ಅಲ್ಲ. ಜ್ಞಾನಪೀಠದವರು ಮೊದಲ ವರ್ಷಗಳಲ್ಲಿ ಒಂದೊಂದು ಕೃತಿಯನ್ನೇ ಗುರುತಿಸಿ ಪ್ರಶಸ್ತಿ ಕೊಡುತ್ತಿದ್ದರು. ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’, ಬೇಂದ್ರೆಯವರ ‘ನಾಕುತಂತಿ’, ಕಾರಂತರ ‘ಮೂಕಜ್ಜಿಯ ಕನಸುಗಳು’ ಹಾಗೆ ಆಯ್ಕೆಯಾದವು. ಕಾರಂತರ ಎಲ್ಲ ಪುಸ್ತಕಗಳ ನಡುವೆ ಅದನ್ನೇ ಏಕೆ ಎತ್ತಿಕೊಂಡರು ಎಂಬ ಚರ್ಚೆ ಕನ್ನಡ ಮೇಷ್ಟರುಗಳ ನಡುವೆ ಇನ್ನೂ ಮುಗಿದಿಲ್ಲ. 1982ರಿಂದ ಆ ಪದ್ಧತಿಯನ್ನೇ ಕೈಬಿಟ್ಟು, ಲೇಖಕರ ಒಟ್ಟು ಸಾಧನೆಗೆ ಪ್ರಶಸ್ತಿ ಎಂದು ಬದಲಿಸಿದರು. ಆಚೆ ಇಂಗ್ಲೆಂಡಿನಲ್ಲಿ ಬಿಬಿಸಿ 2003ರಲ್ಲಿ ಜನರನ್ನೇ ಮತ ಹಾಕಿ ಎಂದು ಕೇಳಿತು. ಗೆದ್ದದ್ದು ಟೋಲ್ಕಿನ್ನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಆ ಕತೆ ನಡೆಯುವ ಊರಿಗೆ ಯಾವ ಬಸ್ಸೂ ಹೋಗುವುದಿಲ್ಲ.

ಹಾಸನದ ಓದುಗನ ಸೌಭಾಗ್ಯ ಇರುವುದು ಇಲ್ಲಿಯೇ. ಇಲ್ಲಿನ ಪುಸ್ತಕಗಳನ್ನು ಬಸ್ಸು ಹತ್ತಿ ಹೋಗಿ ತಾಳೆ ನೋಡಬಹುದು.

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಬಂದದ್ದು 1930ರಲ್ಲಿ. ಈ ಲೇಖಕ ಅದನ್ನು ಓದಿದ್ದು ಅರಕಲಗೂಡಿನ ಬಾಡಿಗೆ ಮನೆಯ ಜಗುಲಿಯ ಮೇಲೆ. ಓದಿದ ವಾರವೇ ಅಪ್ಪನ ಜೊತೆ ಗೊರೂರಿಗೆ ಹೋಗಿ ಯೋಗಾನರಸಿಂಹನ ಗುಡಿ, ಹೊಳೆ, ಬೀದಿ ಎಲ್ಲವನ್ನೂ ನೋಡಿದ್ದಾಯಿತು. ಹೊಳೆ ಮಾತ್ರ ಪುಸ್ತಕದಲ್ಲಿದ್ದಂತೆ ಇರಲಿಲ್ಲ. 1979ರಲ್ಲಿ ಅಣೆಕಟ್ಟು ಮುಗಿದು ಹೇಮಾವತಿ ಜಲಾಶಯದ ನೀರಾಗಿತ್ತು. ಗೊರೂರರು ಹಾಡಿ ಹೊಗಳಿದ ಹೊಳೆ, ಅವರು ಬದುಕಿದ್ದಾಗಲೇ, ಅವರ ಊರಿನ ಮಗ್ಗುಲಲ್ಲೇ ಗೋಡೆಯ ಹಿಂದೆ ನಿಂತಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅವರು ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಹಳ್ಳಿ ಬರೆದವರಿಗೆ ಅಮೆರಿಕದ ಹೆಸರಿನಲ್ಲಿ ಮರ್ಯಾದೆ! ಅಮ್ಮ ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಆಕೆಯ ಪ್ರಕಾರ ಗೊರೂರರ ‘ನಮ್ಮ ಊರಿನ ರಸಿಕರು’ ಪುಸ್ತಕದ ಮೇಲೆ ಕಣ್ಣು ಹಾಯಿಸದೆ ಇನ್ನೊಂದನ್ನು ಎತ್ತಿಕೊಂಡವರಿಗೆ ನಗು ಬರುವುದಿಲ್ಲ, ಅಷ್ಟೆ.

ಗೊರೂರರ ಹಳ್ಳಿಯಲ್ಲಿ ಜಗಳವಿದೆ, ಬಡತನವಿದೆ, ಆದರೆ ಎಲ್ಲವೂ ಸಂಜೆಯೊಳಗೆ ಒಂದು ನಗೆಯಲ್ಲಿ ಕರಗುತ್ತದೆ. ಅದೇ ಸೀಮೆಯ, ಅದೇ ದಶಕಗಳ ಹಳ್ಳಿಯನ್ನು ಇನ್ನೊಬ್ಬರು ನಲವತ್ತು ವರ್ಷಗಳ ನಂತರ ಬರೆದರು. ಅಲ್ಲಿ ಏನೂ ಕರಗುವುದಿಲ್ಲ.

ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಎಳೆಯ ವಯಸ್ಸಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಆ ಕತೆಯನ್ನು ‘ಭಿತ್ತಿ’ಯಲ್ಲಿ ಹೇಳಿಕೊಂಡಿದ್ದಾರೆ. ‘ಗೃಹಭಂಗ’ ಬಂದದ್ದು 1970ರಲ್ಲಿ. ನಂಜಮ್ಮನೆಂಬ ಹೆಣ್ಣುಮಗಳು ದಡ್ಡ ಗಂಡ ಚೆನ್ನಿಗರಾಯನನ್ನೂ ಬಾಯಿಬಡಕಿ ಅತ್ತೆ ಗಂಗಮ್ಮನನ್ನೂ ಕಟ್ಟಿಕೊಂಡು, ಗಂಡನ ಹೆಸರಿನಲ್ಲಿ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ, ಮಕ್ಕಳನ್ನು ಸಾಕುವ ಕತೆ. ಬರಗಾಲ ಬರುತ್ತದೆ. ಪ್ಲೇಗು ಬರುತ್ತದೆ. ಮುಂದಿನದನ್ನು ಓದಿದವರಿಗೆ ಹೇಳಬೇಕಿಲ್ಲ, ಓದದವರಿಗೆ ಹೇಳಬಾರದು.

ಅಮ್ಮ ಆ ತಾಲ್ಲೂಕಿನ ಶ್ಯಾನುಭೋಗರ ಮಗಳು. ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1961ರಲ್ಲಿ ಆಗಿ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ತಾತನ ಲೆಕ್ಕಣಿಕೆ ನಿಂತುಹೋಯಿತು. ದಫ್ತರವನ್ನು ತಾಲ್ಲೂಕು ಕಚೇರಿಗೆ ಒಪ್ಪಿಸಿ ಬಂದ ದಿನ ತಾತ ಊಟ ಮಾಡಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಹಾಗಾಗಿ ‘ಗೃಹಭಂಗ’ ಮನೆಗೆ ಬಂದಾಗ ಆಕೆ ಅದನ್ನು ಕಾದಂಬರಿಯಂತೆ ಓದಲೇ ಇಲ್ಲ, ಜಮಾಬಂದಿಗೆ ಬಂದ ಅಮಲ್ದಾರರಂತೆ ತನಿಖೆ ಮಾಡಿದಳು. ರೂಲು ದೊಣ್ಣೆ ಉರುಳಿಸಿ ಗೆರೆ ಎಳೆಯುವ ಕ್ರಮ ಸರಿಯೇ? ಸರಿ. ಕಂದಾಯ ವಸೂಲಿಯ ಕಾಲ? ಸರಿ. ಇಲಿ ಬಿದ್ದ ಕೂಡಲೇ ಊರು ಖಾಲಿ ಮಾಡಿ ಬಯಲಲ್ಲಿ ಗುಡಿಸಲು ಹಾಕುವುದು? ಆಕೆಯ ಅಜ್ಜಿ ಹೇಳುತ್ತಿದ್ದುದೂ ಹಾಗೆಯೇ. ಗಂಗಮ್ಮನ ಬೈಗುಳ?

‘ನಮ್ಮ ದೊಡ್ಡತ್ತೆ ಇದಕ್ಕಿಂತ ಚೆನ್ನಾಗಿ ಬಯ್ಯೋರು ಕಣೋ. ಬರೆಯೋಕೆ ನಾಚಿಕೊಂಡಿದ್ದಾರೆ ಪಾಪ.’

ಲೆಕ್ಕ ಸರಿಹೋಯಿತು. ಆದರೆ ಪುಸ್ತಕ ಮುಚ್ಚಿದ ಮೇಲೆ ಬಂದ ಆಕ್ಷೇಪಣೆ ಬೇರೆ. ‘ನಂಜಮ್ಮನಿಗೆ ಹೀಗೆ ಮಾಡಬಾರದಿತ್ತು ಅವರು.’ ಅವರು ಮಾಡಿದ್ದಲ್ಲ ಅಮ್ಮ, ಪ್ಲೇಗು ಮಾಡಿದ್ದು ಎಂದರೆ ಕೇಳಲಿಲ್ಲ. ಆ ವರ್ಷದ ಗೌರಿಹಬ್ಬದ ತನಕ ಭೈರಪ್ಪನವರ ಮೇಲೆ ಕೋಪವಿತ್ತು. ಓದುಗರೊಬ್ಬರು ಲೇಖಕನ ಮೇಲೆ ಹಬ್ಬದ ತನಕ ಸಿಟ್ಟು ಇಟ್ಟುಕೊಳ್ಳುವಂಥ ಪುಸ್ತಕ ಎಷ್ಟಿವೆ?

ಇಲ್ಲಿ ಒಂದು ತಕರಾರು ಏಳುತ್ತದೆ, ನ್ಯಾಯವಾದದ್ದೇ. ನಮ್ಮ ಊರು, ನಮ್ಮ ಬೈಗುಳ, ನಮ್ಮ ಮುತ್ತುಗದ ಎಲೆ ಇದೆ ಎಂಬ ಕಾರಣಕ್ಕೆ ಪುಸ್ತಕ ದೊಡ್ಡದಾಗುತ್ತದೆಯೇ? ಆಗುವುದಿಲ್ಲ. ಅ.ನ.ಕೃ. ಹುಟ್ಟಿದ ವರ್ಷವೇ ಹಾಸನದಲ್ಲಿ ಹುಟ್ಟಿದ ರಾಜಾರಾಯರು ಈ ಸೀಮೆಯ ಹಳ್ಳಿಯ ಕತೆ ಹೇಳುವ ‘ಕಾಂತಾಪುರ’ವನ್ನು ಇಂಗ್ಲಿಷಿನಲ್ಲಿ ಬರೆದು 1938ರಲ್ಲಿ ಪ್ರಕಟಿಸಿದರು. ಅದನ್ನು ಲೋಕವೆಲ್ಲ ಮೆಚ್ಚಿತು. ಮಣ್ಣು ನಮ್ಮದೇ ಇದ್ದರೂ ಅಮ್ಮನಂಥವರ ಕೈಗೆ ಅದು ಬರಲಿಲ್ಲ, ಬಂದಿದ್ದರೂ ಭಾಷೆ ಅಡ್ಡ ನಿಲ್ಲುತ್ತಿತ್ತು. ‘ಗೃಹಭಂಗ’ದ ಹಾದಿ ಇದಕ್ಕೆ ತಿರುವು ಮುರುವು. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ದೇಶದ 14 ಭಾಷೆಗಳಿಗೆ ಅನುವಾದಿಸಲು ಆರಿಸಿತು. ರೂಲು ದೊಣ್ಣೆ ಕಂಡರಿಯದ ಓದುಗರ ಮನೆಯಲ್ಲೂ ನಂಜಮ್ಮ ಬೇರೆ ಬೇರೆ ಲಿಪಿಗಳಲ್ಲಿ ಲೆಕ್ಕ ಬರೆದಳು. ಗಿರೀಶ ಕಾಸರವಳ್ಳಿ ಅದನ್ನು ಟಿವಿ ಧಾರಾವಾಹಿ ಮಾಡಿದರು. ತಾಳೆ ನೋಡಲು ಸಾಧ್ಯವಿಲ್ಲದವರೂ ಒಪ್ಪಿದ ಪುಸ್ತಕವದು.

ಅದೇ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದ್ದು ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯಿಂದ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಬಾನು ಅವರ 12 ಕತೆಗಳ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದು ಮೊದಲು. ಸಣ್ಣಕತೆಗಳ ಸಂಕಲನಕ್ಕೂ ಮೊದಲು. 50,000 ಪೌಂಡಿನ ಬಹುಮಾನವನ್ನು ಲೇಖಕಿ, ಅನುವಾದಕಿ ಸಮವಾಗಿ ಹಂಚಿಕೊಂಡರು. ವಕೀಲಿಕೆ ಮಾಡಿಕೊಂಡು, ಪತ್ರಿಕೆಗೆ ವರದಿ ಬರೆದುಕೊಂಡು ಇದೇ ಪೇಟೆಯಲ್ಲಿ ಓಡಾಡಿದವರ ಕತೆಗಳು.

ಎಂಬತ್ತು ದಾಟಿದ ಅಮ್ಮನಿಗೆ ಈಗ ಕಣ್ಣು ಮಂಜು. ಬಾನು ಅವರ ‘ಎದೆಯ ಹಣತೆ’ ಕತೆಯನ್ನು ಈತನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಗಂಡ ಬಿಟ್ಟ ಮೆಹರುನ್, ಸೀಮೆಎಣ್ಣೆ, ಅಡ್ಡ ಬರುವ ಮಗಳು. ಮುಗಿದ ಮೇಲೂ ಆಕೆ ತಪ್ಪು ಹುಡುಕಲಿಲ್ಲ, ತಾಳೆ ನೋಡಲಿಲ್ಲ. ‘ನಾವು ಹಾಸನದಲ್ಲಿದ್ದಾಗ ಎದುರು ಸಾಲಿನಲ್ಲಿ ಇಂಥ ಮನೆಗಳೇ ಇದ್ದವು. ಹಬ್ಬಕ್ಕೆ ಬಾಳೆಹಣ್ಣು ಕೊಟ್ಟು ಬಂದಿದ್ದೇನೆ. ಒಳಗೆ ಕೂತು ಮಾತಾಡಲಿಲ್ಲ’ ಎಂದಷ್ಟೇ ಹೇಳಿದಳು. ಇನ್ನೊಂದು ಕತೆ ಓದು ಎಂದಳು. ಮತ್ತೊಂದನ್ನೂ.

ಅದೇ 2025ರ ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟಿಸಿದರು. 24ರಂದು ಭೈರಪ್ಪನವರು ತೀರಿಕೊಂಡರು. ಒಂದೇ ಜಿಲ್ಲೆಯ ಇಬ್ಬರು ಒಂದೇ ವಾರ ಪತ್ರಿಕೆಗಳ ಮುಖಪುಟದಲ್ಲಿದ್ದರು. ಒಬ್ಬರನ್ನು ಮೆಚ್ಚುವವರು ಇನ್ನೊಬ್ಬರನ್ನು ಮೆಚ್ಚಬಾರದೆಂದು ಬಸ್‌ಸ್ಟ್ಯಾಂಡ್ ಹೋಟೆಲುಗಳಲ್ಲಿ ವಾದಿಸುವವರು ಇದ್ದಾರೆ. ಅವರಲ್ಲಿ ಬಹುಪಾಲು ಜನ ಇಬ್ಬರನ್ನೂ ಓದಿಲ್ಲವೆಂದು ಈ ಲೇಖಕನ ಗುಮಾನಿ.

ಒಂದೇ ಪುಸ್ತಕ ಹೆಸರಿಸಿ ಎಂದು ಕೇಳಿದಾಗ ‘ಎಲ್ಲವೂ ಒಳ್ಳೆಯವೇ’ ಎನ್ನುವವರನ್ನು ಈತ ನಂಬುವುದಿಲ್ಲ. ಗೊರೂರರನ್ನು ಎಷ್ಟು ಸಲ ಬೇಕಾದರೂ ಓದಬಹುದು, ಬಾನು ಅವರ ಕತೆಗಳು ಈತ ಕಾಣದ ಬಾಗಿಲು ತೆರೆದವು. ಆದರೂ ಈತನ ಓಟು ‘ಗೃಹಭಂಗ’ಕ್ಕೆ. ಓದದವರು ಧಾರಾವಾಹಿಯಿಂದ ಶುರು ಮಾಡುವುದು ಬೇಡ, ಪುಸ್ತಕದಿಂದಲೇ ಮಾಡಿ. ಮೊದಲ ಪುಟಗಳಲ್ಲಿ ಗಂಗಮ್ಮನ ಬಾಯಿಗೆ ಹೆದರಿ ಮುಚ್ಚಿಡಬೇಡಿ, ನಂಜಮ್ಮ ಆ ಮನೆಗೆ ಸೊಸೆಯಾಗಿ ಬರುವ ತನಕವಾದರೂ ತಡೆದುಕೊಳ್ಳಿ.